ಜಿಆರ್‌ಇಗೆ ಪದಪಟ್ಟಿ ಉರು ಹೊಡೆಯುವವರಿಗೆ

ಮಾನ್ಯ ಸಂಪಾದಕರೇ,

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದ ಮೇಲೆ, ಅಮೆರಿಕದಂಥ ಕಡೆ ಸ್ನಾತಕೋತ್ತರ ಓದಿಗೆ ಸೇರಲು ಕೇಳುವ ಪ್ರವೇಶ ಪರೀಕ್ಷೆಯಾದ ಜಿಆರ್‌ಇ ಬರೆಯಲು ಹೊರಟ ಮಕ್ಕಳಿಗೆ ಅದರ ಇಂಗ್ಲಿಷ್ ಭಾಗ ಹೇಳಿಕೊಡುತ್ತಿದ್ದೇನೆ. ಹೆಚ್ಚಿನವರು ಎಂಜಿನಿಯರಿಂಗ್, ವಿಜ್ಞಾನ ಓದಿದವರು. ‘ಇಲ್ಲಿವರೆಗೆ ಏನು ತಯಾರಿ ಮಾಡಿದ್ದೀರಿ?’ ಎಂದು ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ. ‘ವರ್ಡ್ ಲಿಸ್ಟ್ ಅರ್ಧ ಮುಗಿದಿದೆ ಮೇಡಂ.’ ಮೂರು ಸಾವಿರ ಪದಗಳ ಪಟ್ಟಿ, ಅದಕ್ಕೊಂದು ಆ್ಯಪ್, ಮೇಲೆ ಕೈಬರಹದ ಚೀಟಿಗಳು. ಈ ಮಕ್ಕಳು ಸೋಮಾರಿಗಳಲ್ಲ. ಬೆಳಿಗ್ಗೆ ಎದ್ದು ಕೂತು ನಿಷ್ಠೆಯಿಂದ ಉರು ಹೊಡೆಯುತ್ತಾರೆ. ಅಷ್ಟು ದುಡಿಮೆ ತಪ್ಪು ಜಾಗಕ್ಕೆ ಹೋಗುತ್ತಿದೆ ಎಂಬ ಸಂಕಟದಿಂದ ಈ ಪತ್ರ ಬರೆಯುತ್ತಿದ್ದೇನೆ.

ಪಟ್ಟಿಗೆ ಒಂದು ಕಾಲದಲ್ಲಿ ಬೆಲೆ ಇತ್ತು, ಅದನ್ನು ಒಪ್ಪಲೇಬೇಕು. 2011ರ ಆಗಸ್ಟ್‌ವರೆಗೆ ಜಿಆರ್‌ಇಯಲ್ಲಿ ವಿರುದ್ಧ ಪದ ಆರಿಸುವ ಪ್ರಶ್ನೆಗಳಿದ್ದವು. ಎರಡು ಪದಗಳ ಸಂಬಂಧ ಕೊಟ್ಟು, ಅದೇ ಸಂಬಂಧದ ಇನ್ನೊಂದು ಜೋಡಿ ಹುಡುಕು ಎನ್ನುವ ಪ್ರಶ್ನೆಗಳೂ ಇದ್ದವು. ಅಲ್ಲಿ ವಾಕ್ಯವೇ ಇರಲಿಲ್ಲ. ಪದ ಗೊತ್ತಿದ್ದರೆ ಅಂಕ, ಗೊತ್ತಿಲ್ಲದಿದ್ದರೆ ಊಹೆ. ಹಾಗಿದ್ದಾಗ ಪಟ್ಟಿ ಬಾಯಿಪಾಠ ಮಾಡಿದವರನ್ನು ಬೈಯುವಂತಿರಲಿಲ್ಲ. ಆಮೇಲೆ ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆ ಆ ಎರಡೂ ಬಗೆಯ ಪ್ರಶ್ನೆಗಳನ್ನು ತೆಗೆದುಹಾಕಿತು. ಪದವಿ ಪ್ರವೇಶದ ಎಸ್‌ಎಟಿ ಪರೀಕ್ಷೆ 2005ರಲ್ಲೇ ಪದಜೋಡಿಗಳನ್ನು ಬಿಟ್ಟಿತ್ತು. 2016ರಲ್ಲಿ ಅಪರೂಪದ ಪದಗಳ ಮೇಲಿನ ಒತ್ತನ್ನೂ ಇಳಿಸಿತು. ಮ್ಯಾನೇಜ್‌ಮೆಂಟ್ ಓದುವವರ ಜಿಮ್ಯಾಟ್ 2023ರ ಹೊಸ ರೂಪದಲ್ಲಿ ವಾಕ್ಯ ತಿದ್ದುವ ಪ್ರಶ್ನೆಗಳನ್ನೂ ಕೈಬಿಟ್ಟಿದೆ. ಅಲ್ಲಿ ಈಗ ಉಳಿದಿರುವುದು ಗದ್ಯ ಓದಿ ಅರ್ಥ ಮಾಡಿಕೊಳ್ಳುವುದು ಮತ್ತು ವಾದವನ್ನು ಬಿಡಿಸಿ ನೋಡುವುದು. ಪರೀಕ್ಷೆ ಮಾಡುವವರು ಇಪ್ಪತ್ತು ವರ್ಷಗಳಿಂದ ಓದಿನ ಕಡೆಗೇ ಬರುತ್ತಿದ್ದಾರೆ. ತಯಾರಿ ಮಾತ್ರ ಹಳೇ ಜಾಗದಲ್ಲೇ ನಿಂತಿದೆ.

ಈಗಿನ ಪರೀಕ್ಷೆ ಹೇಗಿದೆ ನೋಡಿ. 2023ರ ಸೆಪ್ಟೆಂಬರ್‌ನಿಂದ ಇಡೀ ಜಿಆರ್‌ಇ ಎರಡು ಗಂಟೆಯೊಳಗೆ ಮುಗಿಯುತ್ತದೆ. ಇಂಗ್ಲಿಷ್ ಭಾಗದಲ್ಲಿ 27 ಪ್ರಶ್ನೆ. ಮೊದಲ ಸುತ್ತಿನಲ್ಲಿ 12, ಅದಕ್ಕೆ 18 ನಿಮಿಷ. ಎರಡನೆಯದರಲ್ಲಿ 15, ಅದಕ್ಕೆ 23 ನಿಮಿಷ. ಮೊದಲ ಸುತ್ತು ಹೇಗೆ ಮಾಡಿದಿರಿ ಎನ್ನುವುದರ ಮೇಲೆ ಎರಡನೆಯದರ ಕಷ್ಟ ನಿಂತಿದೆ. ಹೆಚ್ಚುಕಮ್ಮಿ ಅರ್ಧದಷ್ಟು ಪ್ರಶ್ನೆಗಳು ಗದ್ಯಭಾಗಗಳ ಮೇಲೆ. ಉಳಿದವು ಖಾಲಿ ಜಾಗ ತುಂಬುವಂಥವು. ‘ಹಾಗಾದರೆ ಆ ಅರ್ಧಕ್ಕಾದರೂ ಪಟ್ಟಿ ಬೇಕಲ್ವಾ?’ ಎಂದು ಎಲ್ಲರೂ ಕೇಳುತ್ತಾರೆ.

ಆ ಅರ್ಧವೂ ಓದಿನದೇ. ಪರೀಕ್ಷೆಯಿಂದ ತೆಗೆದದ್ದಲ್ಲ, ನಾನೇ ಮಾಡಿದ ಒಂದು ವಾಕ್ಯ ಕೊಡುತ್ತೇನೆ. ‘ಆ ವಿಜ್ಞಾನಿ ತನ್ನ ಎದುರಾಳಿಗಳ ವಿಚಾರಗಳ ಬಗ್ಗೆ ಕಟುವಾಗಿ ಬರೆಯುತ್ತಿದ್ದರೂ, ಅವರ ಪ್ರಯೋಗಗಳ ಮಾತು ಬಂದಾಗ ಆಶ್ಚರ್ಯವಾಗುವಷ್ಟು ______ ಆಗಿರುತ್ತಿದ್ದ.’ ಉತ್ತರ ಎಲ್ಲಿದೆ? ‘ಬರೆಯುತ್ತಿದ್ದರೂ’ ಎನ್ನುವುದರ ಕೊನೆಯಲ್ಲಿದೆ. ‘ಆಶ್ಚರ್ಯ’ದಲ್ಲಿದೆ. ಅಲ್ಲಿ ಮಾತು ತಿರುಗಿದೆ, ಹಾಗಾಗಿ ಖಾಲಿ ಜಾಗಕ್ಕೆ ‘ಉದಾರಿ’ ಎಂಬಂಥ ಪದ ಬೇಕು. ಇಷ್ಟು ಹಿಡಿದವರಿಗೆ ಕೆಳಗಿನ ಐದು ಆಯ್ಕೆಗಳಲ್ಲಿ ಎರಡು ಗೊತ್ತಿಲ್ಲದಿದ್ದರೂ ದಾರಿ ಸಿಗುತ್ತದೆ. ತಿರುವನ್ನೇ ಗಮನಿಸದವರಿಗೆ ಐದೂ ಪದ ಗೊತ್ತಿದ್ದರೂ ಉಪಯೋಗವಿಲ್ಲ. ಮೂರು ಖಾಲಿ ಜಾಗಗಳಿರುವ ಪ್ರಶ್ನೆಯಲ್ಲಂತೂ ಮೂರೂ ಸರಿಯಿದ್ದರೆ ಮಾತ್ರ ಅಂಕ, ಎರಡು ಸರಿಯಿದ್ದರೆ ಸೊನ್ನೆ. ಇಡೀ ಭಾಗದ ವಾದ ಎತ್ತ ಹೋಗುತ್ತಿದೆ ಎಂದು ತಿಳಿಯದೆ ಅದನ್ನು ಗೆಲ್ಲಲಾಗದು.

ನಾನು ಮಕ್ಕಳಿಂದ ಮೊದಲು ಮಾಡಿಸುವ ಕೆಲಸ, ಆಯ್ಕೆಗಳನ್ನು ಕೈಯಿಂದ ಮುಚ್ಚಿಸುವುದು. ‘ಖಾಲಿ ಜಾಗಕ್ಕೆ ನಿಮ್ಮದೇ ಒಂದು ಪದ ಹಾಕಿ. ಕನ್ನಡದಲ್ಲಾದರೂ ಸರಿ’ ಎನ್ನುತ್ತೇನೆ. ಮೊದಮೊದಲು ನಾಚಿಕೊಳ್ಳುತ್ತಾರೆ. ಇಂಗ್ಲಿಷ್ ಪರೀಕ್ಷೆಗೆ ಕನ್ನಡವೇ ಎಂದು ಮುಖ ನೋಡುತ್ತಾರೆ. ಆದರೆ ಒಂದು ವಾಕ್ಯವನ್ನು ನಿಜವಾಗಿ ಅರ್ಥ ಮಾಡಿಕೊಂಡವರು ಅದನ್ನು ತಮ್ಮ ನುಡಿಯಲ್ಲಿ ಹೇಳಬಲ್ಲರು. ಹೇಳಲಾಗದಿದ್ದರೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಇಷ್ಟು ವರ್ಷಗಳ ಪಾಠದಲ್ಲಿ ಇದಕ್ಕಿಂತ ನೆಚ್ಚಿಕೊಳ್ಳುವಂಥ ಉಪಾಯ ನನಗೆ ಸಿಕ್ಕಿಲ್ಲ.

ಇನ್ನೊಂದು ಬಗೆಯ ಪ್ರಶ್ನೆಯಲ್ಲಿ ಆರು ಪದ ಕೊಟ್ಟು ಎರಡನ್ನು ಆರಿಸಿ ಎನ್ನುತ್ತಾರೆ. ಎರಡರಲ್ಲಿ ಯಾವುದನ್ನು ಇಟ್ಟರೂ ವಾಕ್ಯದ ಅರ್ಥ ಒಂದೇ ಆಗಬೇಕು. ಪಟ್ಟಿ ಓದಿದವರು ಇಲ್ಲಿ ವಾಕ್ಯ ನೋಡುವುದಕ್ಕೂ ಮೊದಲೇ ಸಮಾನಾರ್ಥಕ ಜೋಡಿ ಹುಡುಕಲು ಹೊರಡುತ್ತಾರೆ. ಜೋಡಿ ಸಿಕ್ಕಿತು, ಗುರುತು ಹಾಕಿದರು, ಮುಂದಕ್ಕೆ ಹೋದರು. ಆದರೆ ವಾಕ್ಯಕ್ಕೆ ಹೊಂದದ ಜೋಡಿಗಳೂ ಆ ಆರರಲ್ಲಿ ಇರುತ್ತವೆ. ಚೆನ್ನಾಗಿ ಉರು ಹೊಡೆದವರೇ ಇಲ್ಲಿ ಜಾಸ್ತಿ ಎಡವುವುದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಇನ್ನು ಗದ್ಯಭಾಗಗಳಲ್ಲಿ ಮಕ್ಕಳನ್ನು ಕೆಡವುವುದು ದೊಡ್ಡ ಪದಗಳಿಗಿಂತ ಹೆಚ್ಚಾಗಿ ಸಣ್ಣ ಪದಗಳು. ‘ಕ್ವಾಲಿಫೈ’ ಎಂದರೆ ಅರ್ಹತೆ ಪಡೆಯುವುದು ಎಂದು ಎಲ್ಲರಿಗೂ ಗೊತ್ತು. ಲೇಖಕ ತನ್ನ ಮಾತನ್ನು ಕ್ವಾಲಿಫೈ ಮಾಡುತ್ತಾನೆ ಎಂದರೆ ಅದಕ್ಕೆ ಮಿತಿ ಹಾಕುತ್ತಾನೆ, ಪೂರ್ತಿ ಅನ್ವಯಿಸದು ಎನ್ನುತ್ತಾನೆ ಎಂದರ್ಥ. ಇದು ಯಾವ ಮೂರು ಸಾವಿರದ ಪಟ್ಟಿಯಲ್ಲೂ ಮಕ್ಕಳ ಕಣ್ಣಿಗೆ ಬೀಳುವುದಿಲ್ಲ. ಗೊತ್ತಿರುವ ಪದ ಎಂದು ದಾಟಿ ಹೋಗುತ್ತಾರೆ. ಲೇಖನಗಳನ್ನು ಓದುವವರಿಗೆ ಮಾತ್ರ ಇಂಥ ಬಳಕೆ ತಾನಾಗಿ ರೂಢಿಯಾಗುತ್ತದೆ.

ಪದಸಂಪತ್ತು ಬೇಡ ಎಂದು ನಾನು ಹೇಳುತ್ತಿಲ್ಲ. ಪದ ಬೇಕೇ ಬೇಕು. ಪಾಲ್ ನೇಷನ್ ಎಂಬ ಭಾಷಾತಜ್ಞರು 2006ರಲ್ಲಿ ತೋರಿಸಿದ ಲೆಕ್ಕವೊಂದಿದೆ. ಕಾದಂಬರಿ, ಪತ್ರಿಕೆಗಳಂಥ ಇಂಗ್ಲಿಷ್ ಬರಹದಲ್ಲಿ ನೂರಕ್ಕೆ 98 ಪದ ತಿಳಿಯಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಗೊತ್ತಿರಬೇಕು. ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ. ಈ ಬುನಾದಿಯಲ್ಲೇ ತೂತುಗಳಿದ್ದರೆ, ಅದರ ಮೇಲೆ ಅಪರೂಪದ ಪದಗಳನ್ನು ಪೇರಿಸಿ ಏನು ಬಂತು? ಪಟ್ಟಿಯೇ ಬೇಕು ಎನ್ನುವವರಿಗೆ ನಾನು ಬೇರೆ ಪಟ್ಟಿ ಕೊಡುತ್ತೇನೆ. ಆವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ್ದು. ಅದರಲ್ಲಿರುವುದು 570 ಪದಕುಟುಂಬಗಳಷ್ಟೇ. ಅವರು ಲೆಕ್ಕ ಹಾಕಿದ ವಿಶ್ವವಿದ್ಯಾಲಯ ಮಟ್ಟದ ಬರಹಗಳಲ್ಲಿ ಹೆಚ್ಚುಕಮ್ಮಿ ನೂರಕ್ಕೆ ಹತ್ತು ಪದ ಇವೇ. ನೋಡಲು ಏನೂ ವಿಶೇಷವಿಲ್ಲದ ಪದಗಳು. ಮಕ್ಕಳಿಗೆ ಅದು ತೀರಾ ಸುಲಭ ಎನಿಸಿ ಬೇಸರವಾಗುತ್ತದೆ. ಆದರೆ ಅವುಗಳಲ್ಲಿ ಒಂದನ್ನು ಆರಿಸಿ, ಅದು ವಾಕ್ಯದಲ್ಲಿ ಮಾಡುವ ಕೆಲಸ ಹೇಳಿ ಎಂದರೆ ತಡವರಿಸುತ್ತಾರೆ.

ಪರೀಕ್ಷೆ ಮಾಡುವವರ ಬಗ್ಗೆಯೂ ನನಗೆ ದೂರು ಇದೆ. ಗದ್ಯಭಾಗ ಅರ್ಥ ಮಾಡಿಕೊಳ್ಳಲು ಹೊರಗಿನ ಜ್ಞಾನ ಬೇಡ, ಉತ್ತರ ಅಲ್ಲಿಯೇ ಇದೆ ಎಂದು ಅವರು ಹೇಳುತ್ತಾರೆ. ಉತ್ತರ ಅಲ್ಲಿ ಇರುವುದು ನಿಜ. ಆದರೆ ವಿಷಯದ ಪರಿಚಯ ಇರುವವರ ಓದೇ ಬೇರೆ. ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಶಾಲಾ ಮಕ್ಕಳಿಗೆ ಬೇಸ್‌ಬಾಲ್ ಆಟದ ವರ್ಣನೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದ ಮಕ್ಕಳಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದರು. ನನ್ನ ಬಳಿ ಬಂದ ಭೌತಶಾಸ್ತ್ರದ ಒಬ್ಬ ಹುಡುಗಿ ನಕ್ಷತ್ರಗಳ ಬಗೆಗಿನ ಕಷ್ಟದ ಗದ್ಯವನ್ನು ಸಲೀಸಾಗಿ ಬಿಡಿಸುತ್ತಿದ್ದಳು. ಕಾದಂಬರಿ ವಿಮರ್ಶೆಯ ಒಂದು ಪ್ಯಾರಾ ಬಂದರೆ ಮೂರು ಸಲ ಓದುತ್ತಿದ್ದಳು. ಇಬ್ಬರು ವಿಮರ್ಶಕರು ಜಗಳವಾಡುತ್ತಿದ್ದಾರೆ, ಲೇಖಕಿ ಮೂರನೆಯವಳು ಎಂಬ ಕಟ್ಟು ಅವಳಿಗೆ ಕಾಣುತ್ತಿರಲಿಲ್ಲ. ಅಂಥ ಬರಹವನ್ನು ಅವಳು ಅಲ್ಲಿಯವರೆಗೆ ಓದಿರಲೇ ಇಲ್ಲ, ಅಷ್ಟೇ. ಒಂದು ಪ್ರಶ್ನೆಗೆ ಸರಾಸರಿ ಒಂದೂವರೆ ನಿಮಿಷ ಕೊಟ್ಟಾಗ ಈ ಪರಿಚಯದ ಕೊರತೆ ದಡ್ಡತನದಂತೆ ಕಾಣಿಸುತ್ತದೆ. ಇಂಗ್ಲಿಷ್ ಮನೆಮಾತಲ್ಲದವರಿಗೆ ಇದು ಇನ್ನೂ ಬಿಗಿ. ಅವರು ಇಂಗ್ಲಿಷ್ ಬರುತ್ತದೆ ಎಂದು ಟೋಫೆಲ್, ಐಇಎಲ್‌ಟಿಎಸ್‌ನಂಥ ಪರೀಕ್ಷೆಯಲ್ಲಿ ಬೇರೆಯಾಗಿಯೇ ತೋರಿಸಬೇಕಾಗುತ್ತದೆ. ಆಮೇಲೆ ಇಲ್ಲಿ ಅದೇ ಭಾಷೆಯಲ್ಲಿ ಗಡಿಯಾರದ ಜೊತೆ ಓಡಬೇಕು. ಪರೀಕ್ಷೆಯನ್ನು ಚಿಕ್ಕದು ಮಾಡಿದ್ದು ಒಳ್ಳೆಯದೇ. ಪ್ರಶ್ನೆಗಳನ್ನು ಇನ್ನೂ ಸ್ವಲ್ಪ ಕಡಿಮೆ ಮಾಡಿ, ಓದಲು ಇನ್ನೂ ಸ್ವಲ್ಪ ಸಮಯ ಕೊಟ್ಟಿದ್ದರೆ ಓದಿನ ಪರೀಕ್ಷೆ ಓದಿನದಾಗಿಯೇ ಉಳಿಯುತ್ತಿತ್ತು.

ಅಂಕಗಳನ್ನು ಬಳಸುವ ರೀತಿಯೂ ಸರಿಯಾಗಬೇಕು. ಇಂಗ್ಲಿಷ್ ಭಾಗಕ್ಕೆ 130ರಿಂದ 170ರವರೆಗೆ ಅಂಕ. ಒಂದೆರಡು ಅಂಕದ ವ್ಯತ್ಯಾಸ ಏನನ್ನೂ ಹೇಳುವುದಿಲ್ಲ, ಯಾವ ಪರೀಕ್ಷೆಯೂ ಅಷ್ಟು ನಿಖರವಲ್ಲ. ಕಟ್-ಆಫ್ ಒಂದನ್ನೇ ನೋಡಿ ಯಾರನ್ನೂ ತಿರಸ್ಕರಿಸಬಾರದು, ಇಂಗ್ಲಿಷ್, ಗಣಿತ, ಬರವಣಿಗೆ ಎಂಬ ಮೂರು ಭಾಗಗಳ ಅಂಕಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು ಎಂದು ಇಟಿಎಸ್ ತಾನೇ ವಿಶ್ವವಿದ್ಯಾಲಯಗಳಿಗೆ ತಿಳಿಸಿದೆ. ಹಾಗಿದ್ದರೂ ಗಣಿತದ ಅಂಕವನ್ನೂ ಇಂಗ್ಲಿಷ್ ಅಂಕವನ್ನೂ ಕೂಡಿಸಿ ‘ಮುನ್ನೂರ ಇಪ್ಪತ್ತು ದಾಟಿದೆಯಾ?’ ಎಂದು ಕೇಳುವುದು ರೂಢಿಯಾಗಿಬಿಟ್ಟಿದೆ. ಮನೆಯವರೂ ಹಾಗೇ ಕೇಳುತ್ತಾರೆ. ಆ ಕೂಡಿದ ಸಂಖ್ಯೆಯಿಂದ ಆ ಹುಡುಗ ಒಂದು ಸಂಶೋಧನಾ ಲೇಖನವನ್ನು ಓದಿ, ಅದರ ದುರ್ಬಲ ಜಾಗವನ್ನು ಹಿಡಿಯಬಲ್ಲನೇ ಎಂದು ಗೊತ್ತಾಗುವುದಿಲ್ಲ. ಪಿಎಚ್‌ಡಿಗೆ ಬೇಕಾದದ್ದು ಅದೇ ಅಲ್ವಾ?

ಈ ದೂರುಗಳಿದ್ದರೂ ಓದಿನ ಪರೀಕ್ಷೆಯೇ ಬೇಡ ಎನ್ನುವವರ ಜೊತೆ ನಾನು ಸೇರುವುದಿಲ್ಲ. ಅಮೆರಿಕದ ಹಲವು ವಿಭಾಗಗಳು ಈಗ ಜಿಆರ್‌ಇ ಕೇಳುವುದನ್ನೇ ಬಿಟ್ಟಿವೆ, ಕೋವಿಡ್ ಕಾಲದಲ್ಲಿ ಅದು ಇನ್ನೂ ಹೆಚ್ಚಾಯಿತು. ‘ಹಾಗಾದರೆ ಇಂಗ್ಲಿಷ್ ಓದುವ ಗೋಜೇ ಇಲ್ಲ’ ಎಂದು ಕೆಲವು ಮಕ್ಕಳು ಖುಷಿಪಡುತ್ತಾರೆ. ಪರೀಕ್ಷೆ ಹೋಗಬಹುದು, ಅಲ್ಲಿಗೆ ಹೋದ ಮೊದಲ ವಾರವೇ ಕೈಗೆ ಬರುವ ಇಪ್ಪತ್ತು ಪುಟಗಳ ಲೇಖನ ಎಲ್ಲಿ ಹೋಗುತ್ತದೆ? ಲೇಖಕ ಯಾವುದನ್ನು ಒಪ್ಪಿದ, ಯಾವುದನ್ನು ಅರ್ಧ ಒಪ್ಪಿದ, ಪುರಾವೆ ಎಲ್ಲಿ ಕೊಟ್ಟ, ಎಲ್ಲಿ ಸುಮ್ನೆ ಹೇಳಿ ಮುಂದೆ ಹೋದ ಎಂದು ನೋಡಲು ಬರದವರು ಅಲ್ಲಿ ಬಹಳ ಒದ್ದಾಡುತ್ತಾರೆ. ಹಿಂದಿನ ವಿದ್ಯಾರ್ಥಿಗಳು ಫೋನ್ ಮಾಡಿದಾಗ ಹೇಳುವ ಕಷ್ಟ ಇದೇ. ಪದ ಗೊತ್ತಿರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ವಾರಕ್ಕೆ ಅಷ್ಟೊಂದು ಓದಲಾಗುತ್ತಿಲ್ಲ ಎನ್ನುತ್ತಾರೆ.

ಹಾಗಾಗಿ ಪರೀಕ್ಷೆ ಬರೆಯುವವರಲ್ಲಿ ನನ್ನ ವಿನಂತಿ. ಒಂದು ವರ್ಷ ಮೊದಲೇ ಶುರು ಮಾಡಿ. ಜಿಆರ್‌ಇ ಅಂಕ ಐದು ವರ್ಷ ನಡೆಯುತ್ತದೆ, ಕೊನೇ ಗಳಿಗೆಯಲ್ಲಿ ಬರೆಯುವ ಅಗತ್ಯವೇ ಇಲ್ಲ. ದಿನಕ್ಕೊಂದು ಗಟ್ಟಿ ಲೇಖನ ಓದಿ. ನಿಮ್ಮ ವಿಷಯದ್ದು ಒಂದು ದಿನ ಇದ್ದರೆ, ನಿಮಗೆ ಏನೂ ಗೊತ್ತಿಲ್ಲದ ವಿಷಯದ್ದು ಎರಡು ದಿನ ಇರಲಿ. ಎಂಜಿನಿಯರಿಂಗ್‌ನವರು ಪುಸ್ತಕ ವಿಮರ್ಶೆ, ಕಲೆ, ಇತಿಹಾಸ ಓದಿ. ಸಾಹಿತ್ಯದವರು ಜೀವವಿಜ್ಞಾನ ಓದಿ. ಪ್ರತಿ ಪ್ಯಾರಾ ಮುಗಿದ ಮೇಲೆ ಅಂಚಿನಲ್ಲಿ ಒಂದು ಸಾಲು ಬರೆಯಿರಿ, ಇಲ್ಲಿ ಲೇಖಕ ಏನು ಹೇಳಿದ ಎಂದಲ್ಲ, ಏನು ಮಾಡಿದ ಎಂದು. ಎದುರಾಳಿಯ ಮಾತು ಹೇಳಿದ, ಒಂದು ಉದಾಹರಣೆ ಕೊಟ್ಟ, ತನ್ನ ಮಾತಿಗೆ ಮಿತಿ ಹಾಕಿದ, ಹೀಗೆ. ಗೊತ್ತಿಲ್ಲದ ಪದ ಬಂದರೆ ಅದಿರುವ ಇಡೀ ವಾಕ್ಯವನ್ನು ಬರೆದಿಟ್ಟುಕೊಳ್ಳಿ, ಬರೀ ಪದವನ್ನಲ್ಲ. ಪರೀಕ್ಷೆಯಲ್ಲಿ ಒಂದು ಸುತ್ತಿನೊಳಗೆ ಪ್ರಶ್ನೆಗಳನ್ನು ಬಿಟ್ಟು ಮತ್ತೆ ಬರಬಹುದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ ಎನ್ನುವುದೂ ನೆನಪಿರಲಿ.

ಕಾಲೇಜುಗಳವರಲ್ಲೂ ಒಂದು ಕೋರಿಕೆ ಇದೆ. ಪ್ಲೇಸ್‌ಮೆಂಟ್ ತರಬೇತಿಗೆ ಗಂಟೆಗಟ್ಟಲೆ ಸಮಯ ಇಡುತ್ತೀರಿ. ಅದರಲ್ಲಿ ವಾರಕ್ಕೆ ಒಂದು ಗಂಟೆಯನ್ನು, ಎರಡನೇ ವರ್ಷದಿಂದಲೇ, ಒಂದು ಲೇಖನವನ್ನು ಎಲ್ಲರೂ ಕೂತು ಓದಿ ಚರ್ಚಿಸಲು ಕೊಡಿ. ಚರ್ಚೆ ಕನ್ನಡದಲ್ಲಿ ನಡೆದರೂ ಪರವಾಗಿಲ್ಲ. ಇದಕ್ಕೆ ಹೊರಗಿನ ಕೋಚಿಂಗ್ ಬೇಕಿಲ್ಲ. ಓದುವ ಅಧ್ಯಾಪಕರು ಒಬ್ಬರಿದ್ದರೆ ಸಾಕು, ನಿವೃತ್ತರಾದ ನಮ್ಮಂಥವರನ್ನು ಕರೆದರೂ ಬರುತ್ತೇವೆ.

ಇತಿ,
ನಿವೃತ್ತ ಇಂಗ್ಲಿಷ್ ಅಧ್ಯಾಪಕಿ