ಒಳಗೆ ಇಳಿದು ನೋಡಿದ್ದು ಯಾರು?

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಸಿಕ್ಕಿತು. ಭೂಮಿಯ ಪಾಠ ಬರೀ ಬಾಯಿಪಾಠ, ಒಂದೂ ತಲೆಗೆ ಹತ್ತುತ್ತಿಲ್ಲ ಅಂತ ಬರೆದಿದ್ದೀಯ. ತಪ್ಪು ನಿನ್ನದಲ್ಲ ಬಿಡು. ನಿನ್ನ ವಯಸ್ಸಿನಲ್ಲಿ ನಾನೂ ಭೂಮಿಯ ಪದರ ಅಂತ ಕೈವಾರ ಹಿಡಿದು ಒಂದರೊಳಗೊಂದು ವೃತ್ತ ಬರೆದವನೇ. ಮೇಲಿನ ಭೂಕವಚಕ್ಕೆ ಕಂದು, ಅದರ ಕೆಳಗಿನ ಮ್ಯಾಂಟಲ್‌ಗೆ ಕೆಂಪು, ನಟ್ಟನಡುವಿನ ಕೇಂದ್ರಗೋಳಕ್ಕೆ ಹಳದಿ ತುಂಬಿ ಪೂರ್ತಿ ಅಂಕ ಗಿಟ್ಟಿಸಿದ್ದೆ. ನಿಮ್ಮಪ್ಪ ಆಗ ತೀರಾ ಚಿಕ್ಕವನು. ಪಕ್ಕದಲ್ಲಿ ಕೂತು ನೋಡುತ್ತಿದ್ದವನು, "ಅಣ್ಣಾ, ಒಳಗೆ ಇಳಿದು ನೋಡಿದ್ದು ಯಾರು?" ಅಂದ. "ಸುಮ್ನೆ ಕೂತ್ಕೋ" ಅಂತ ಗದರಿದೆ. ಉತ್ತರ ಗೊತ್ತಿರಲಿಲ್ಲ, ಅದಕ್ಕೆ.

ನೀನು ಹಾಗೆ ಮಾಡಬೇಡ. ಹೆಸರು, ಅಂಕಿ ಎಲ್ಲ ಆಮೇಲೆ. ಮೊದಲು "ಇದು ಗೊತ್ತಾಗಿದ್ದು ಹೇಗೆ?" ಅಂತ ಕೇಳು.

ಇಳಿದು ನೋಡಿದವರು ಯಾರೂ ಇಲ್ಲ. ರಷ್ಯಾದ ಕೋಲಾದಲ್ಲಿ ವರ್ಷಗಟ್ಟಲೆ ಕೊರೆದರು. ಮುಟ್ಟಿದ್ದು 12,262 ಮೀಟರ್ ಆಳ. ಭೂಮಿಯ ನಡುವಿಗೆ 6,371 ಕಿಲೋಮೀಟರ್ ಇದೆ! ಒಳಗಿನ ಸುದ್ದಿ ತಂದುಕೊಟ್ಟಿದ್ದು ಭೂಕಂಪಗಳು. ಭೂಮಿ ನಡುಗಿದಾಗ ಎರಡು ಬಗೆಯ ಅಲೆಗಳು ಒಳಗೆಲ್ಲ ಹಾಯುತ್ತವೆ. ಹಿಂದೆ ಮುಂದೆ ತಳ್ಳುತ್ತಾ ಸಾಗುವ ಅಲೆ ಕಲ್ಲನ್ನೂ ದಾಟುತ್ತದೆ, ದ್ರವವನ್ನೂ ದಾಟುತ್ತದೆ. ಅಡ್ಡಡ್ಡ ಅಲುಗುವ ಅಲೆಗೆ ದ್ರವ ದಾಟಲು ಆಗದು. ಭೂಮಿಯ ಆಚೆ ಬದಿಯಲ್ಲಿ ಕಾದು ಕೂತವರಿಗೆ ಈ ಎರಡನೆಯದು ಬರಲೇ ಇಲ್ಲ. ಅಂದರೆ ನಡುವೆ ಎಲ್ಲೋ ದ್ರವ ಇದೆ ಅಂತಾಯ್ತು, ಅಲ್ವಾ? ಅದು ಶುರುವಾಗುವುದು ಸುಮಾರು 2,900 ಕಿಲೋಮೀಟರ್ ಆಳದಲ್ಲಿ.

ಇಲ್ಲಿಗೇ ಮುಗಿಯಲಿಲ್ಲ. 1929ರಲ್ಲಿ ನ್ಯೂಜಿಲೆಂಡಿನಲ್ಲಿ ದೊಡ್ಡ ಭೂಕಂಪವಾಯಿತು. ಬರಬಾರದ ಜಾಗದಲ್ಲಿ ಸಣ್ಣಗೆ ಒಂದಿಷ್ಟು ತಳ್ಳುವ ಅಲೆ ಬಂದವು. ಬಹಳ ಜನ ಅದನ್ನು ದೊಡ್ಡದು ಮಾಡಲಿಲ್ಲ. ಡೆನ್ಮಾರ್ಕಿನ ಭೂಕಂಪ ವಿಜ್ಞಾನಿ ಇಂಗೆ ಲೆಹ್ಮನ್ ಮಾತ್ರ ಬಿಡಲಿಲ್ಲ. ಕಂಪ್ಯೂಟರ್ ಇಲ್ಲದ ಕಾಲ. ದಾಖಲೆಗಳನ್ನೆಲ್ಲ ಕೈಯಲ್ಲೇ ಕೂಡಿಸಿ, ತಾಳೆ ನೋಡಿ, ದ್ರವದ ನಡುವೆ ಇನ್ನೊಂದು ಗೋಳ ಇದೆ ಅಂತ 1936ರಲ್ಲಿ ಹೇಳಿದರು. ಪರೀಕ್ಷೆಯಲ್ಲಿ ನೀನು 'ಒಳ ಕೇಂದ್ರಗೋಳ' ಅಂತ ಒಂದು ಅಂಕಕ್ಕೆ ಬರೆಯುವುದು ಇದನ್ನೇ.

ಪದರ ಆಗಿದ್ದು ಯಾಕೆ ಅನ್ನುವುದು ಅಷ್ಟು ಕಷ್ಟವಲ್ಲ. ಸೂರ್ಯನ ಸುತ್ತಲಿನ ದೂಳು, ಕಲ್ಲು ಡಿಕ್ಕಿ ಹೊಡೆದು, ಒಂದಕ್ಕೊಂದು ಅಂಟಿ ಭೂಮಿ ಆಯಿತು. ಇದು ಸುಮಾರು 454 ಕೋಟಿ ವರ್ಷದ ಹಿಂದಿನ ಮಾತು. (1956ರಲ್ಲಿ ಅಮೆರಿಕದ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಉಲ್ಕೆಯ ಕಲ್ಲಿನಲ್ಲಿದ್ದ ಸೀಸ ಅಳೆದು 455 ಕೋಟಿ ಅಂದಿದ್ದರು. ಹೆಚ್ಚುಕಡಿಮೆ ಸರಿಯೇ!) ಆ ಡಿಕ್ಕಿಗಳ ಬಿಸಿಗೆ ಎಲ್ಲ ಕರಗಿತು. ಭಾರದ ಕಬ್ಬಿಣ, ನಿಕ್ಕಲ್ ತಳಕ್ಕಿಳಿದವು, ಹಗುರ ಕಲ್ಲು ಮೇಲುಳಿಯಿತು. ಕಬ್ಬಿಣದ ಜೊತೆ ಚಿನ್ನವೂ ಬಹುಪಾಲು ಕೆಳಗೇ ಹೋಯಿತು, ನಮ್ಮ ಪುಣ್ಯ ಅಷ್ಟೇ.

ನೀರಿಗೂ ಸಾಕ್ಷಿ ಇದೆ. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಜಿರ್ಕಾನ್ ಅನ್ನುವ ಹರಳುಗಳು ಸಿಕ್ಕಿವೆ. ಗಾತ್ರ ಮರಳಿನ ಕಾಳಿನಷ್ಟು. ವಯಸ್ಸು ಮಾತ್ರ ಸುಮಾರು 440 ಕೋಟಿ ವರ್ಷದವರೆಗೆ. ಅದರೊಳಗಿನ ಆಕ್ಸಿಜನ್ ಅಳೆದು ನೋಡಿದರೆ, ಆಗಲೇ ನೆಲದ ಮೇಲೆ ನೀರು ಇದ್ದಿರಬೇಕು ಅನ್ನಿಸುತ್ತದೆ. ಆ ನೀರು ಭೂಮಿ ಕೂಡಿದ ಕಲ್ಲಿನಲ್ಲೇ ಇತ್ತೋ, ಆಮೇಲೆ ಬಿದ್ದ ಕ್ಷುದ್ರಗ್ರಹಗಳು ತಂದವೋ? ಎಷ್ಟು ಪಾಲು ಎಲ್ಲಿಂದ ಅಂತ ವಿಜ್ಞಾನಿಗಳು ಇನ್ನೂ ವಾದ ಮಾಡುತ್ತಿದ್ದಾರೆ. ಪುಸ್ತಕದಲ್ಲಿ ಒಂದೇ ಸಾಲಿನ ಉತ್ತರ ಇದ್ದರೆ, ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕು.

ಗಾಳಿಯ ಪಾಠ ಓದುವಾಗ ತುಕ್ಕು ಹಿಡಿದ ಒಂದು ಮೊಳೆ ಕೈಯಲ್ಲಿಟ್ಟುಕೋ, ತಮಾಷೆಯಲ್ಲ. ಮೊದಲಿನ ಗಾಳಿ ಜ್ವಾಲಾಮುಖಿ ಉಗುಳಿದ್ದು, ಅದರಲ್ಲಿ ಆಕ್ಸಿಜನ್ ಇರಲಿಲ್ಲ ಅನ್ನಬಹುದು. ಕಣ್ಣಿಗೆ ಕಾಣದ ನೀಲಿಹಸಿರು ಜೀವಿಗಳು ಬಿಸಿಲು ಕುಡಿದು ಆಕ್ಸಿಜನ್ ಬಿಟ್ಟವು. ಕಡಲಿನಲ್ಲಿ ಕರಗಿದ್ದ ಕಬ್ಬಿಣ ಅದನ್ನು ಹೀರಿ ತುಕ್ಕಾಗಿ ತಳ ಸೇರಿತು. ಕೆಂಪು ಪಟ್ಟೆಯ ಆ ಕಲ್ಲುಗಳನ್ನೇ ನಾವು ಇವತ್ತು ಅದಿರು ಅಂತ ಅಗೆಯುವುದು. ಗಾಳಿಯಲ್ಲಿ ಆಕ್ಸಿಜನ್ ನಿಲ್ಲತೊಡಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ಅದಕ್ಕೂ ಮುಂಚೆ ನಿನ್ನ ಮೊಳೆಯನ್ನು ಬಯಲಲ್ಲಿ ಇಟ್ಟಿದ್ದರೆ ಹೀಗೆ ತುಕ್ಕು ಹಿಡಿಯುತ್ತಿರಲಿಲ್ಲ.

ಓದಿ ಆದ ಮೇಲೆ ಈ ಪತ್ರವನ್ನು ನಿಮ್ಮಪ್ಪನ ಕೈಗೆ ಕೊಡು. ಅವನು ಕೇಳಿದ್ದಕ್ಕೆ ಉತ್ತರ ಸ್ವಲ್ಪ ಜಾಸ್ತಿಯೇ ತಡವಾಯಿತು ಅಂತ ಹೇಳು.

ಇಂತಿ,
ನಿನ್ನ ದೊಡ್ಡಪ್ಪ