ಸೆರೆಬ್ರಲ್ ಪಾಲ್ಸಿ: ಆಮ್ಲಜನಕ ಚಿಕಿತ್ಸೆಯ ಜಾಹೀರಾತು ನಿಲ್ಲಲಿ

ಮಾನ್ಯ ಸಂಪಾದಕರೇ,

ಮುಚ್ಚಿದ ಚೇಂಬರಿನೊಳಗೆ ಗಾಳಿಯ ಒತ್ತಡ ಹೆಚ್ಚಿಸಿ ಆಮ್ಲಜನಕ ಉಸಿರಾಡಿಸುವ ‘ಅಧಿಕ ಒತ್ತಡದ ಆಮ್ಲಜನಕ ಚಿಕಿತ್ಸೆ’ಯಿಂದ ಸೆರೆಬ್ರಲ್ ಪಾಲ್ಸಿ ಗುಣವಾಗುತ್ತದೆ ಎಂದು ಸಾರುವ ಜಾಹೀರಾತೊಂದು ತಮ್ಮ ಪತ್ರಿಕೆಯ ಜಿಲ್ಲಾ ಪುರವಣಿಯಲ್ಲಿ ಕಳೆದ ವಾರ ಪ್ರಕಟವಾಗಿದೆ. ನನ್ನ ಒಂಬತ್ತು ವರ್ಷದ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಬೆಳೆಯುವ ಮಿದುಳಿಗೆ ಪೆಟ್ಟು ಬಿದ್ದು ಮೈಯ ಚಲನೆ ಹಿಡಿತಕ್ಕೆ ಸಿಗದಂತಾಗುವ ಸ್ಥಿತಿ, ಇದೆ. ಅವಳಿಗೆ ನಾಲ್ಕು ವರ್ಷವಿದ್ದಾಗ ನಾವೂ ಇಂಥದ್ದೇ ಮಾತನ್ನು ನಂಬಿ, ನನ್ನ ಬಂಗಾರವನ್ನು ಅಡವಿಟ್ಟು, ದೂರದ ನಗರದಲ್ಲಿ ಎರಡು ತಿಂಗಳು ಬಾಡಿಗೆ ಕೋಣೆಯಲ್ಲಿದ್ದು ನಲವತ್ತು ಸಿಟ್ಟಿಂಗ್ ಮುಗಿಸಿ ಬಂದಿದ್ದೇವೆ. ಆ ಜಾಹೀರಾತನ್ನು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿರುವ ತಾಯಂದಿರು ಎಷ್ಟು ಮಂದಿಯೋ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

ಈ ಚಿಕಿತ್ಸೆ ನಮ್ಮನ್ನು ಇಷ್ಟು ಸುಲಭವಾಗಿ ಸೆಳೆಯುವುದಕ್ಕೆ ಕಾರಣವಿದೆ. ‘ಮಗು ಹುಟ್ಟಿದ ಕೂಡಲೇ ಅಳಲಿಲ್ಲ, ಮಿದುಳಿಗೆ ಆಮ್ಲಜನಕ ಸಾಲಲಿಲ್ಲ’ ಎಂಬ ಮಾತನ್ನು ಹೆರಿಗೆ ಕೋಣೆಯಲ್ಲಿ ಕೇಳಿಸಿಕೊಂಡ ತಾಯಿಗೆ, ‘ಅಂದು ಸಿಗದ ಆಮ್ಲಜನಕವನ್ನು ಇಂದು ಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಬೇರೆ ವಿವರಣೆ ಬೇಕಾಗುವುದೇ ಇಲ್ಲ. ಆದರೆ ಅವಧಿಗೆ ಮುನ್ನ ಹುಟ್ಟಿದ್ದು, ತೀವ್ರ ಕಾಮಾಲೆ, ಮಿದುಳಿನ ಸೋಂಕು ಮುಂತಾದ ಬೇರೆ ಕಾರಣಗಳಿಂದಲೂ ಈ ಸ್ಥಿತಿ ಬರುತ್ತದೆ. ಆಮ್ಲಜನಕದ ಕೊರತೆಯೇ ಕಾರಣವಾಗಿದ್ದರೂ, ಬೆಳೆಯುತ್ತಿದ್ದ ಮಿದುಳಿಗೆ ಪೆಟ್ಟು ಬಿದ್ದದ್ದು ಅಂದಿನ ಕೆಲವು ನಿಮಿಷ, ಕೆಲವು ಗಂಟೆಗಳಲ್ಲಿ. ನನ್ನ ಮಗಳ ಬೆರಳಿಗೆ ಇಂದು ಪಲ್ಸ್ ಆಕ್ಸಿಮೀಟರ್ ಹಾಕಿದರೆ ಅವಳ ತಮ್ಮನಿಗೆ ತೋರಿಸುವಷ್ಟೇ ಅಂಕಿ ತೋರಿಸುತ್ತದೆ. ಪೆಟ್ಟು ಬಿದ್ದ ಜಾಗದ ಸುತ್ತ ‘ಮಲಗಿರುವ’ ನರಕೋಶಗಳಿದ್ದು, ಹೆಚ್ಚು ಆಮ್ಲಜನಕ ಕೊಟ್ಟರೆ ಅವು ಎಚ್ಚರಗೊಳ್ಳುತ್ತವೆ ಎಂದು ಕೇಂದ್ರಗಳವರು ಹೇಳುವುದು ಒಂದು ಊಹೆ ಮಾತ್ರ. ಆ ಊಹೆಯನ್ನು ಪರೀಕ್ಷಿಸಿಯೂ ಆಗಿದೆ.

ಈ ಚಿಕಿತ್ಸೆ ಕೊಡುವ ಹೈಪರ್‌ಬಾರಿಕ್ ಚೇಂಬರ್ ಎಂಬ ಸಾಧನವನ್ನು ನಾನು ಹಳಿಯುತ್ತಿಲ್ಲ. ಒತ್ತಡ ಹೆಚ್ಚಿದಷ್ಟೂ ರಕ್ತದ ದ್ರವಭಾಗದಲ್ಲಿ ಹೆಚ್ಚು ಆಮ್ಲಜನಕ ಕರಗುತ್ತದೆ. ಆಳದಿಂದ ಬೇಗ ಮೇಲೆ ಬಂದ ಮುಳುಗುಗಾರರಿಗೆ, ಕಾರ್ಬನ್ ಮೊನಾಕ್ಸೈಡ್ ವಿಷವೇರಿದವರಿಗೆ, ಸಕ್ಕರೆ ಕಾಯಿಲೆಯವರ ಕಾಲಿನ ಕೆಲವು ವಾಸಿಯಾಗದ ಹುಣ್ಣುಗಳಿಗೆ ಇದು ಒಪ್ಪಿತ ಚಿಕಿತ್ಸೆ.

ಸೆರೆಬ್ರಲ್ ಪಾಲ್ಸಿಯ ವಿಷಯದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸಂಶೋಧಕರು 3ರಿಂದ 12 ವರ್ಷದ 111 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ ಪರೀಕ್ಷೆ ನಡೆಸಿದರು. ಒಂದು ಗುಂಪಿಗೆ 1.75 ಪಟ್ಟು ವಾಯು ಒತ್ತಡದಲ್ಲಿ ಶುದ್ಧ ಆಮ್ಲಜನಕ, ಇನ್ನೊಂದಕ್ಕೆ 1.3 ಪಟ್ಟು ಒತ್ತಡದಲ್ಲಿ ಬರೀ ಗಾಳಿ. ಎರಡೂ ಗುಂಪುಗಳಿಗೆ ಎರಡು ತಿಂಗಳಲ್ಲಿ 40 ಸಲ. 2001ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಕೂರುವ, ನಿಲ್ಲುವ, ನಡೆಯುವ ಸಾಮರ್ಥ್ಯವನ್ನು ಅಳೆಯುವ ಅಂಕದಲ್ಲಿ ಆಮ್ಲಜನಕ ಪಡೆದ ಮಕ್ಕಳು ಶೇ 2.9ರಷ್ಟು, ಗಾಳಿ ಪಡೆದ ಮಕ್ಕಳು ಶೇ 3ರಷ್ಟು ಸುಧಾರಿಸಿದ್ದರು.

ಈ ಅಂಕಿಗಳನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ನನ್ನ ಮಗಳೂ ಆ ಎರಡು ತಿಂಗಳಲ್ಲಿ ಸುಧಾರಿಸಿದ್ದಳು. ಕತ್ತು ಹೆಚ್ಚು ಹೊತ್ತು ನಿಲ್ಲುತ್ತಿತ್ತು, ಎರಡು ಹೊಸ ಮಾತು ಕಲಿತಿದ್ದಳು. ಅದನ್ನೆಲ್ಲ ಚೇಂಬರಿನ ಲೆಕ್ಕಕ್ಕೆ ಬರೆದು, ನಾಲ್ಕು ಮನೆಗಳಿಗೆ ನಾನೇ ಫೋನ್ ಮಾಡಿ ಶಿಫಾರಸು ಮಾಡಿದ್ದೆ. ಅವಳು ಹುಟ್ಟಿದ ಮೇಲೆ ಕೆಲಸಕ್ಕೆ ಹೋಗದೆ, ಅಡುಗೆಯ ಗಡಿಬಿಡಿಯಿಲ್ಲದೆ, ಬೆಳಗಿನಿಂದ ರಾತ್ರಿಯವರೆಗೆ ಅವಳೊಬ್ಬಳ ಜೊತೆಗೇ ಮಾತಾಡುತ್ತ, ಕೂರಿಸುತ್ತ, ಆಡಿಸುತ್ತ ಕಳೆದ ಮೊದಲ ಎರಡು ತಿಂಗಳು ಅವೇ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಆ ನಾಲ್ಕು ಮನೆಗಳವರ ಬಳಿ ಈಗ ಕ್ಷಮೆ ಕೇಳಿದ್ದೇನೆ.

ಒತ್ತಡದ ಗಾಳಿಯೂ ಒಂದು ಚಿಕಿತ್ಸೆಯೇ, ಆದ್ದರಿಂದ ಎರಡೂ ಗುಂಪುಗಳಿಗೆ ಲಾಭವಾಯಿತು ಎಂದು ಪ್ರತಿಪಾದಕರು ವಾದಿಸುತ್ತಾರೆ. ಅಮೆರಿಕದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆ ಇದಕ್ಕೂ ಉತ್ತರ ಹುಡುಕಿತು. ಅಲ್ಲಿ ಎರಡೂ ಗುಂಪುಗಳಿಗೆ 1.5 ಪಟ್ಟು ಒತ್ತಡವಿತ್ತು. ಆದರೆ ಒಂದು ಗುಂಪಿನ ಗಾಳಿಯಲ್ಲಿ ಆಮ್ಲಜನಕವನ್ನು ಶೇ 14ಕ್ಕೆ ಇಳಿಸಿ, ಮಕ್ಕಳಿಗೆ ಸಿಗುವ ಆಮ್ಲಜನಕ ನಾವು ದಿನವೂ ಉಸಿರಾಡುವಷ್ಟೇ ಇರುವಂತೆ ನೋಡಿಕೊಳ್ಳಲಾಗಿತ್ತು. 49 ಮಕ್ಕಳು ಸೇರಿದ ಮೇಲೆ ಮಧ್ಯಂತರ ಲೆಕ್ಕ ನೋಡಿದಾಗ, ಮುಂದುವರಿಸಿದರೂ ವ್ಯತ್ಯಾಸ ಕಾಣುವ ಸಂಭವವಿಲ್ಲವೆಂದು ಪರೀಕ್ಷೆಯನ್ನೇ ನಿಲ್ಲಿಸಲಾಯಿತು. ದೆಹಲಿಯಿಂದ 2014ರಲ್ಲಿ ಪ್ರಕಟವಾದ, ಲಾಭವಿದೆ ಎನ್ನುವ ಅಧ್ಯಯನವನ್ನು ನಮ್ಮ ಕೇಂದ್ರದಲ್ಲಿ ತೋರಿಸಿದ್ದರು; ಅದರಲ್ಲಿ ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ, ಹಾಗಾಗಿ ಕಂಡ ಲಾಭ ಚಿಕಿತ್ಸೆಯದೇ ಎನ್ನಲಾಗದು ಎಂಬುದನ್ನು ಯಾರೂ ಹೇಳಲಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಚಿಕಿತ್ಸೆಗೆ ಸೆರೆಬ್ರಲ್ ಪಾಲ್ಸಿಯ ಮಟ್ಟಿಗೆ ತನ್ನ ಮಂಜೂರಾತಿ ಇಲ್ಲವೆಂದು 2013ರಲ್ಲೇ ಸಾರ್ವಜನಿಕರನ್ನು ಎಚ್ಚರಿಸಿದೆ.

‘ಗುಣವಾಗದಿದ್ದರೂ ಕೆಡುಕಂತೂ ಇಲ್ಲವಲ್ಲ’ ಎನ್ನುವವರಿಗೆ ಒಂದು ಮಾತು. ಕ್ವಿಬೆಕ್ ಪರೀಕ್ಷೆಯಲ್ಲಿ ಆಮ್ಲಜನಕ ಪಡೆದ 57 ಮಕ್ಕಳ ಪೈಕಿ 27 ಮಕ್ಕಳಿಗೆ ಕಿವಿಯ ತೊಂದರೆ ಆಯಿತು. ನನ್ನ ಮಗಳು ಕಿವಿ ಹಿಡಿದುಕೊಂಡು ಚೀರಿದಾಗ ‘ಹೊಸತರಲ್ಲಿ ಎಲ್ಲ ಮಕ್ಕಳೂ ಹೀಗೆಯೇ’ ಎಂದು ಸಮಾಧಾನ ಹೇಳಿದರು. ಅತಿಯಾದ ಆಮ್ಲಜನಕದಿಂದ ಫಿಟ್ಸ್ ಬರಬಹುದು. ನಮ್ಮ ಮಕ್ಕಳಲ್ಲಿ ಅನೇಕರಿಗೆ ಫಿಟ್ಸ್ ಮೊದಲೇ ಇರುತ್ತದೆ. ಫ್ಲಾರಿಡಾದಲ್ಲಿ 2009ರಲ್ಲಿ, ಇದೇ ಚಿಕಿತ್ಸೆಗಾಗಿ ಇಟಲಿಯಿಂದ ಬಂದಿದ್ದ ನಾಲ್ಕು ವರ್ಷದ ಮಗು ಮತ್ತು ಅದರ ಅಜ್ಜಿ ಚೇಂಬರಿನೊಳಗೆ ಬೆಂಕಿ ಹೊತ್ತಿಕೊಂಡು ಸುಟ್ಟ ಗಾಯಗಳಿಂದ ತೀರಿಕೊಂಡರು. ಇನ್ನು ನಮಗಾದ ನಷ್ಟ: ಹಣ ಮುಗಿದುಹೋಗಿ, ಊರಿಗೆ ಬಂದ ಮೇಲೆ ಐದು ತಿಂಗಳು ಫಿಸಿಯೊಥೆರಪಿ ನಿಂತಿತು. ಅಷ್ಟರಲ್ಲಿ ಮೀನಖಂಡ ಬಿಗಿದು ಅವಳ ಹಿಮ್ಮಡಿ ನೆಲಕ್ಕೆ ಊರದಂತಾಗಿತ್ತು.

ಮಾಡಬಹುದಾದದ್ದು ಬೇಕಾದಷ್ಟಿದೆ. ಆಸ್ಟ್ರೇಲಿಯಾದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ ಸೆರೆಬ್ರಲ್ ಪಾಲ್ಸಿಯ ಎಲ್ಲ ಚಿಕಿತ್ಸೆಗಳ ಆಧಾರವನ್ನು ಪರಿಶೀಲಿಸಿ ಟ್ರಾಫಿಕ್ ದೀಪದಂತೆ ಬಣ್ಣ ಹಚ್ಚಿದಾಗ, ಆಮ್ಲಜನಕ ಚಿಕಿತ್ಸೆಗೆ ಕೆಂಪು ಬಿತ್ತು. ಮಗುವಿಗೆ ಬೇಕಾದ ಕೆಲಸವನ್ನೇ ಗುರಿಯಾಗಿಟ್ಟುಕೊಂಡ ಅಭ್ಯಾಸ, ಮನೆಯಲ್ಲೇ ಮಾಡಿಸುವ ವ್ಯಾಯಾಮ, ಬಿಗಿದ ಸ್ನಾಯುವಿಗೆ ಬೊಟುಲಿನಂ ಇಂಜೆಕ್ಷನ್, ಸೊಂಟದ ಕೀಲಿನ ನಿಯತ ತಪಾಸಣೆ ಇವಕ್ಕೆ ಹಸಿರು. ಬೆಂಗಳೂರಿನ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ದಶಕಗಳಿಂದ ಈ ಮಕ್ಕಳಿಗಾಗಿ ದುಡಿಯುತ್ತಿದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ರಕ್ಷಣೆಯಿದ್ದು, ಥೆರಪಿಯ ವೆಚ್ಚಕ್ಕೂ ಅದರಲ್ಲಿ ಅವಕಾಶವಿದೆ. ಈ ವಿಷಯ ನನಗೆ ತಿಳಿದದ್ದು ಬಂಗಾರ ಹೋದ ಮೇಲೆ.

ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ 1954ರಿಂದಲೂ ಇದೆ. ಮಿದುಳಿನ ಕಾಯಿಲೆಗಳೂ ಪಾರ್ಶ್ವವಾಯುವೂ ಅದರ ಅನುಸೂಚಿಯಲ್ಲಿವೆ. ಅವನ್ನು ಔಷಧದಿಂದ ಗುಣಪಡಿಸುತ್ತೇವೆಂಬ ಜಾಹೀರಾತಿನ ಪ್ರಕಟಣೆಯಲ್ಲಿ ಯಾರೂ ಭಾಗಿಯಾಗಬಾರದು ಎನ್ನುತ್ತದೆ ಆ ಕಾನೂನು. ವೈದ್ಯಕೀಯ ಆಮ್ಲಜನಕ ನಮ್ಮಲ್ಲಿ ಔಷಧವೇ ಆಗಿದೆ. ಆದ್ದರಿಂದ ಆರೋಗ್ಯ ಇಲಾಖೆ ಇಂಥ ಜಾಹೀರಾತುಗಳನ್ನು ಪರಿಶೀಲಿಸಲಿ. ತಮ್ಮ ಪತ್ರಿಕೆಯೂ ಅದನ್ನು ಮತ್ತೆ ಪ್ರಕಟಿಸದಿರಲಿ, ಮತ್ತು ಅದು ಅಚ್ಚಾದ ಅದೇ ಪುಟದಲ್ಲಿ, ಅದನ್ನು ಓದಿದವರ ಕಣ್ಣಿಗೆ ಬೀಳುವಂತೆ, ಮಕ್ಕಳ ನರರೋಗ ತಜ್ಞರೊಬ್ಬರ ಲೇಖನವನ್ನು ಹಾಕಲಿ ಎಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ತಾಯಿ, ದಾವಣಗೆರೆ