ಅಜ್ಜನ ಜಂತಿ, ಹೊಲದ ಕಟ್ಟಿ: ಗೆಳೆಯಗೊಂದು ಪತ್ರ

ದೋಸ್ತ,

ಪುಣೇದಾಗ ಹದಿನಾಲ್ಕನೇ ಮಹಡಿ ಬಾಲ್ಕನಿ ಫೋಟೋ ಕಳಿಸಿದ್ದಿ. ನಂದೂ ಒಂದು ಆಗೈತಿ ನೋಡಪಾ, ನೆಲದಿಂದ ಬರೇ ಎರಡು ಫೂಟು ಮ್ಯಾಲ. ಡಂಬಳದ ಹತ್ರ ನಮ್ಮ ಹೊಲದ ಮನಿ ಮುಂದ ಹಲಗಿ ಹಾಸಿ ಕಟ್ಟಿ ಮಾಡೀನಿ, ಹನ್ನೆರಡು ಫೂಟು ಉದ್ದ, ಹತ್ತು ಫೂಟು ಅಗಲ. ಕುಂತ್ರ ಎದುರಿಗೆ ಕಪ್ಪತಗುಡ್ಡ, ಗುಡ್ಡದ ಮ್ಯಾಲ ಗಾಳಿ ಪಂಕಾ.

ಕಟಗಿ ಹೊರಗಿಂದ ತಂದಿಲ್ಲ. ಊರಾಗಿನ ಮಾಳಿಗಿ ಮನಿ ಕೆಡವಿದ್ವಲ್ಲ, ಅದರ ತೊಲಿ, ಜಂತಿನ. ಮೂರು ತಲಿಮಾರಿನ ಒಲಿ ಹೊಗಿ ಕುಡದು ಕರ್ರಗಾಗಿದ್ವು. ಕಾಕಾ "ಹೊಟೇಲದಾಂವ ಉರುವಲಕ್ಕ ಕೇಳ್ಯಾನ, ಕೊಟ್ಟುಬಿಡು" ಅಂದಿದ್ದ. ಬಡಿಗೇರ ಒಂದು ಮೂಲ್ಯಾಗ ನಾಕ ಸಲ ರಂದಾ ಹೊಡದು ತೋರಿಸಿದ. ಒಳಗ ಜೇನಿನ ಬಣ್ಣ, ಸಾಗವಾನಿ ಘಮ. ಕಾಕಾ ಮುಂದ ಮಾತಾಡಲಿಲ್ಲ. ತೊಲಿ ಗದಗಿಗೆ ಒಯ್ದು ಹಲಗಿ ಕೊಯ್ಸಿದೆ, ಜಂತಿ ಜಂತಿಯಾಗೇ ಉಳದ್ವು. ಮುಂದಿನ ಜಂತಿಯೊಳಗ ತೊಟ್ಟಿಲ ಕಟ್ಟೋ ಕಬ್ಬಿಣದ ಬಳಿ ಇನ್ನೂ ಐತಿ. ನಮ್ಮಪ್ಪ, ಕಾಕಾ, ನಾನು, ಎಲ್ಲಾರೂ ಅದರಾಗ ತೂಗಿದವರ. ಅದನ್ನ ಕೀಳಾಕ ಬಿಡಲಿಲ್ಲ.

ತ್ರಾಸು ಕೊಟ್ಟದ್ದು ಎರಿ ಮಣ್ಣು. ಬ್ಯಾಸಗ್ಯಾಗ ನಮ್ಮ ಹೊಲದ ಬಿರಕಿನಾಗ ಬ್ಯಾಟಿಂಗ್ ಆಡುವಾಗ ಎಷ್ಟು ಚೆಂಡು ಕಳಕೊಂಡೀವಿ, ನಿನಗ ನೆನಪಿರಬೇಕು. ಮಳಿ ಆತಂದ್ರ ಅದ ಮಣ್ಣು ಹಿಟ್ಟಿನಂಗ ಉಬ್ಬಿ ಬಿರಕು ಮುಚ್ಚಿಬಿಡತೈತಿ. ಗೌಂಡಿ ಮೊದಲ ದಿನಾನ ಹೇಳಿದ್ದ, "ಗರಸು ಹತ್ತೋತನಾ ತೋಡಸು ತಮ್ಮಾ." ಗರಸು ಅಂದ್ರ ಎರಿ ಕೆಳಗಿನ ಗಟ್ಟಿ ಹರಳುಮಣ್ಣು. ನಾ ಮೊಬೈಲದಾಗ ವಿಡಿಯೋ ನೋಡಿ ಶಾಣ್ಯಾ ಆಗಿದ್ದೆ. ಇದೇನು ಮಾಳಿಗಿ ಹೊರೋ ಮನಿ ಅಲ್ಲ, ಹಗರ ಹಲಗಿ, ಎರಡು ಫೂಟು ಸಾಕಂದೆ. ಮುಂದ ಮೂರು ಕಂಬ ನಿಲ್ಲಿಸಿದ್ವಿ, ಹಿಂದಿನ ಜಂತಿ ಮನಿ ಗ್ವಾಡಿಗೆ ಬೋಲ್ಟ್ ಹಾಕಿ ಬಿಗದ್ವಿ.

ಮಿರಗ ಮಳಿ ಹಿಡೀತು. ದಾರಿ ರಾಡಿಯಾಗಿ ಟ್ರ್ಯಾಕ್ಟರ್ ಸೈತ ಹೋಗದಂಗಾತು, ತಿಂಗಳೊಪ್ಪತ್ತು ಆ ಕಡೆ ಹೋಗಲೇ ಇಲ್ಲ. ಹೋಗಿ ನೋಡಿದ್ರ ಮುಂದಿನ ಕಂಬ ಒಂದಿಂಚಿನ ಮ್ಯಾಲೆ ಎದ್ದಾವ. ಕಟ್ಟಿ ಮನಿ ಕಡೆ ವಾಲಿ ಮಳಿ ನೀರು ಹೊಸಲಿಗೆ ಹರದೈತಿ. ಬೋಲ್ಟ್ ಇದ್ದಲ್ಲೆ ಗ್ವಾಡಿ ಓರಿಯಾಗಿ ಸೀಳೈತಿ. ಗೌಂಡಿನ್ನ ಕರಕೊಂಡು ಬಂದೆ. ಅಂವ ಸೀಳಿನಾಗ ಉಗುರು ಆಡಿಸಿ, ಕಂಬದ ಬುಡ ನೋಡಿ, "ಹಗರ ಇದ್ದದ್ದನ್ನ ಎರಿ ಎತ್ತೋದು. ವಜ್ಜಾ ಇದ್ರ ಒಂದೀಟು ತಡಕೋತೈತಿ" ಅಂದ. ಬೈದಿದ್ರ ಚಲೋ ಇತ್ತು.

ಸೀಗಿ ಹುಣ್ಣಿಮಿ ಮುಗಿಸಿ ಎಲ್ಲಾ ಬಿಚ್ಚಿದ್ವಿ. ಐದು ಫೂಟಿಗೆ ಗರಸು ಹತ್ತಿತು. ಆರು ಗುಣಿ, ಆರು ಕಲ್ಲಿನ ಕಂಬ. ಸುತ್ತ ತುಂಬಾಕ ತೋಡಿದ ಎರಿ ಹಾಕಲಿಲ್ಲ, ಹೊರಗಿಂದ ಗರಸ ತಂದು ನೀರು ಬಿಟ್ಟು ಧಮ್ಮಸ್ ಮಾಡಿಸಿದ್ವಿ. ಗ್ವಾಡಿಗೂ ಕಟ್ಟಿಗೂ ಈಗ ಸಂಬಂಧ ಇಲ್ಲ, ನಡುವ ಎರಡು ಬೆರಳಿನ ಸಂದಿ. ಆ ಸಂದ್ಯಾಗ ಅವ್ವನ ಅಡಕೊತ್ತು ಬಿದ್ದು ಅರ್ಧ ದಿನ ಹೋತು.

ಹಲಗಿ ಹಾಸೋವಾಗ ಬಡಿಗೇರ ಒಂದ ನಾಕಿಂಚಿನ ಮೊಳಿ ಕೈಯಾಗ ಹಿಡಕೊಂಡಿದ್ದ. ಒಂದು ಹಲಗಿ ಇಡೋದು, ಪಕ್ಕಕ್ಕ ಮೊಳಿ ಅಡ್ಡ ಇಡೋದು, ಇನ್ನೊಂದು ಹಲಗಿ ತಂದು ಒತ್ತೋದು, ಸ್ಕ್ರೂ ಬಿಗಿಯೋದು, ಮೊಳಿ ಕೀಳೋದು. ಕಡೀ ಹಲಗಿ ತನಕಾ ಅದ ಮೊಳಿ. ತೊಯ್ದ್ರ ಕಟಗಿ ಅಗಲ ಆಗತೈತಿ, ಸಂದಿ ಇರದಿದ್ರ ಒಂದಕ್ಕೊಂದು ನೂಕಿ ಎದ್ದು ನಿಲ್ಲತಾವಂತ. ಅವ್ವಂದು ಬ್ಯಾರೆ ಚಿಂತಿ, "ಹಲಗಿ ಮ್ಯಾಲ ಸಾರಸೋದು ಹೆಂಗಲೇ?"

ಮ್ಯಾಲ ಅಗಸಿ ಎಣ್ಣಿ ಒರಸಿದ್ವಿ. ನೀ ಯಾವಾಗರೆ ಈ ಕೆಲಸ ಮಾಡಿದ್ರ ಒರಸಿದ ಅರಿಬಿ ಮುದ್ದಿ ಮಾಡಿ ಒಗೀಬ್ಯಾಡ. ಅಗಸಿ ಎಣ್ಣಿ ಗಾಳಿಗೆ ಒಣಗುವಾಗ ಕಾವು ಹುಟ್ಟತೈತಿ. ನಾವು ಮೂಲ್ಯಾಗ ಗುಂಪಿ ಹಾಕಿ ಊಟಕ್ಕ ಕುಂತಿದ್ವಿ, ಯಾರೂ ಕಡ್ಡಿ ಗೀರದ ಹೊಗಿ ಎದ್ದಿತು. ಕೊಡ ನೀರು ಸುರವಿದ್ವಿ. ಈಗ ತೊಯ್ಸಿ, ಬಿಡಿಬಿಡಿಯಾಗಿ ಬೇಲಿಗೆ ಹಾಕಿ ಒಣಗಸತೀವಿ.

ಎಳ್ಳ ಅಮಾಸಿಗೆ ಬಾ. ಚರಗ ಚೆಲ್ಲಿ ಬಂದು ಕಟ್ಟಿ ಮ್ಯಾಲನ ಉಣ್ಣೋಣು. ಸಜ್ಜಿ ರೊಟ್ಟಿ, ಎಣಗಾಯಿ, ಪುಂಡಿಪಲ್ಲೆ ಅವ್ವ ಈಗಲೇ ಲೆಕ್ಕಾ ಹಾಕ್ಯಾಳ. ಹೊಸಬರನ್ನ ಕಂಡ್ರ ನಾಯಿ ಬೊಗಳತೈತಿ, ಅಂಜಬ್ಯಾಡ, ಜಂತಿಯೊಳಗಿನ ಆ ತೊಟ್ಟಿಲದ ಕಬ್ಬಿಣದ ಬಳಿಗೆ ಕಟ್ಟೀವಿ.

ನಿನ್ನ,
ಹಳೇ ಬೆಂಚಿನ ದೋಸ್ತ